ಮಾಕಳಿಗೆ ನೇರ ಪಡುವಣದಲ್ಲಿ ಒಂದು ಮುಳುಗಿದ ಬೆಟ್ಟ

ಏಪ್ರಿಲ್ ತಿಂಗಳ ಒಂದು ಬೆಳಗು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ನೆತ್ತಿಯಲ್ಲಿ ನಿಂತಿದ್ದೆ. ಕೆಳಗೆ ರೈಲು ಹಳಿ ಬೆಟ್ಟವನ್ನು ಬಳಸಿಕೊಂಡು ಸಾಗಿತ್ತು. ಅಲ್ಲೇ ಒಂದು ಕೆರೆ, ಅರ್ಧಕ್ಕರ್ಧ ಬತ್ತಿದ್ದು. ಮಳೆಗಾಲದಲ್ಲಿ ಎರಡಾಳುದ್ದ ನೀರು ನಿಲ್ಲುವ ಜಾಗದಲ್ಲಿ ದನಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ನೀರು ಸರಿದಾಗ ತೆರೆದುಕೊಳ್ಳುವ ಆ ನೆಲಕ್ಕೆ ನಮ್ಮ ಸೀಮೆಯವರು ಇಟ್ಟ ಹೆಸರು ಎಷ್ಟು ಚೆಂದ: ಕೆರೆಯಂಗಳ!

ಸುಮ್ಮನೆ ಮೊಬೈಲಿನಲ್ಲಿ ನಕ್ಷೆ ತೆರೆದೆ. ನಿಂತ ಜಾಗ ಉತ್ತರ ಅಕ್ಷಾಂಶ 13.4 ಡಿಗ್ರಿಯ ಆಸುಪಾಸು. ಅಲ್ಲಿಂದ ಬೆರಳನ್ನು ನೇರ ಪಡುವಣಕ್ಕೆ ಎಳೆದೆ. ತುಮಕೂರು ಸೀಮೆ ದಾಟಿತು, ಚಿಕ್ಕಮಗಳೂರಿನ ಕಾಫಿ ತೋಟಗಳು ದಾಟಿದವು. ಶೃಂಗೇರಿ ಬಂತು, ಘಟ್ಟ ಇಳಿದು ಹೆಬ್ರಿ ಬಂತು, ಮಲ್ಪೆಯ ಕಡಲು ಬಂತು. ಬೆರಳು ನಿಲ್ಲಲಿಲ್ಲ. ಮಲ್ಪೆಯಿಂದಾಚೆ ಇನ್ನೂ ಸುಮಾರು 100 ಕಿಲೋಮೀಟರ್ ನಡುಗಡಲಿಗೆ ಹೋಯಿತು. ಅಲ್ಲಿ, ಹೆಚ್ಚುಕಡಿಮೆ ಅದೇ 13.4 ಡಿಗ್ರಿಯ ಗೆರೆಯ ಮೇಲೆ, ನೀರಿನಡಿ ಒಂದು ಬೆಟ್ಟವಿದೆ!

ಅದರ ಹೆಸರು ಗವೇಷಣಿ ದಿಬ್ಬ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸಂಶೋಧನಾ ಹಡಗು 'ಗವೇಷಣಿ'ಯ ಹೆಸರನ್ನೇ ಅದಕ್ಕಿಟ್ಟರು. ಗವೇಷಣಿ ಎಂದರೆ ಹುಡುಕುವವಳು. ಹುಡುಕಿಯೇಬಿಟ್ಟಳು! 1978ರಲ್ಲಿ ಆರ್.ಆರ್. ನಾಯರ್ ಮತ್ತು ಸೈಯದ್ ಜಹೂರ್ ಖಾಸಿಂ ಈ ದಿಬ್ಬದ ವಿಚಾರವನ್ನು ವಿಜ್ಞಾನ ಲೋಕಕ್ಕೆ ತಿಳಿಸಿದರು. ಸುಮಾರು 80 ಮೀಟರ್ ಆಳದ ಕಡಲತಳದಿಂದ ಅದು 42 ಮೀಟರ್ ಎದ್ದು ನಿಂತಿದೆ. ಅದರ ನೆತ್ತಿ ನೀರಿನ ಮೇಲ್ಮೈಯಿಂದ 38 ಮೀಟರ್ ಕೆಳಗೆ. ಆ ನೆತ್ತಿಯಲ್ಲಿ ಜೀವಂತ ಹವಳಗಳು!

ಈಗ ಉಸಿರು ಬಿಗಿಹಿಡಿದು ಕೇಳಿ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಕೊನೆಯ ಹಿಮಯುಗ ಉತ್ತುಂಗದಲ್ಲಿದ್ದಾಗ, ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ದಿಬ್ಬದ ಬುಡವೇ 80 ಮೀಟರ್ ಆಳದಲ್ಲಿದೆ ಅಂದಮೇಲೆ ಲೆಕ್ಕ ನೀವೇ ಹಾಕಿ. ಅಂದು ಅದರ ಸುತ್ತ ಕಡಲಿರಲಿಲ್ಲ, ಒಣ ಬಯಲಿತ್ತು. ಮಲ್ಪೆಯಿಂದ ಪಡುವಣಕ್ಕೆ ಕಾಲು ಒದ್ದೆಯಾಗದೆ ದಿನಗಟ್ಟಲೆ ನಡೆಯಬಹುದಿತ್ತು. ಇಂದು ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪ, ಮುರುಡೇಶ್ವರದಾಚೆಯ ನೇತ್ರಾಣಿ, ಎಲ್ಲವೂ ಬಯಲಿನ ನಡುವಿನ ಗುಡ್ಡಗಳು. ಇಂದು ಕಡಲು ಸೇರಿ ಮುಗಿಯುವ ಸೀತಾ, ಸ್ವರ್ಣಾ ನದಿಗಳಿಗೆ ಅಂದು ಆ ಬಯಲಿನುದ್ದಕ್ಕೂ ಇನ್ನೂ ದೂರದ ದಾರಿಯಿತ್ತು. ಅರಬ್ಬೀ ಸಮುದ್ರದ ಕೆರೆಯಂಗಳ ಅದು!

ಹಾಗಾದರೆ ಆ ನೀರೆಲ್ಲ ಎಲ್ಲಿಗೆ ಹೋಗಿತ್ತು?

ಉತ್ತರ ನಮ್ಮ ಕೆರೆಗಳಲ್ಲೇ ಇದೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕೆರೆಗಳನ್ನು ಒಂದಕ್ಕೊಂದು ಪೋಣಿಸುತ್ತವೆ. ಮೇಲಿನ ಕೆರೆ ನೀರು ಹಿಡಿದಿಟ್ಟರೆ ಕೆಳಗಿನ ಕೆರೆಯ ಅಂಗಳ ಬಯಲು. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬಿತು. ಇಡೀ ಭೂಮಿಗೆ ಕಡಲು ಕೆಳಗಿನ ಕೆರೆ, ಧ್ರುವಗಳ ಕಡೆಯ ಹಿಮವೇ ಮೇಲಿನ ಕೆರೆ. ಅಂದು ಕೆನಡಾದ ಮೇಲೆ ಮೂರು ಕಿಲೋಮೀಟರಿನಷ್ಟು ದಪ್ಪ ಹಿಮ ಕೂತಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಅದರ ಮೂರು ಪಟ್ಟು ಎತ್ತರದ ಹಿಮ ಎಂದುಕೊಳ್ಳಿ! ಸ್ಕ್ಯಾಂಡಿನೇವಿಯಾದ ಮೇಲೂ ಅಂಥದೇ ಹಿಮದ ಹೊರೆ. ಕಡಲಿನಿಂದ ಆವಿಯಾಗಿ ಹೋದ ನೀರು ಹಿಮವಾಗಿ ಅಲ್ಲೇ ಉಳಿದಿತ್ತು, ತಿರುಗಿ ಬಂದಿರಲಿಲ್ಲ.

ಆಮೇಲೆ ಕೋಡಿ ಬಿತ್ತು. ಸುಮಾರು 14,500 ವರ್ಷಗಳ ಹಿಂದೆ ಹಿಮ ಎಷ್ಟು ರಭಸದಿಂದ ಕರಗಿತೆಂದರೆ, ಕೆಲವು ಶತಮಾನಗಳ ಕಾಲ ಸಮುದ್ರ ವರ್ಷಕ್ಕೆ ಸುಮಾರು ನಾಲ್ಕು ಸೆಂಟಿಮೀಟರ್ ಏರಿತು. ನಾಲ್ಕೇ ಸೆಂಟಿಮೀಟರ್ ಅನ್ನಬೇಡಿ. ಮಲ್ಪೆಯಿಂದ ಗವೇಷಣಿಯವರೆಗಿನ ಬಯಲು ಕಿಲೋಮೀಟರಿಗೆ ಒಂದು ಮೀಟರ್ ಕೂಡ ಇಳಿಯುವುದಿಲ್ಲ. ಅಂಥ ಚಪ್ಪಟೆ ನೆಲದಲ್ಲಿ ನಾಲ್ಕು ಸೆಂಟಿಮೀಟರ್ ನೀರು ಏರಿದರೆ ತೀರ ಸುಮಾರು ಐವತ್ತು ಮೀಟರ್ ಒಳಗೆ ಬರುತ್ತದೆ, ಪ್ರತಿ ವರ್ಷ! ಆ ತೀರದಲ್ಲಿ ಹುಟ್ಟಿದ ಕೂಸು ಓಡಾಡಲು ಕಲಿಯುವ ಹೊತ್ತಿಗೆ ಕಡಲು ನೂರು ಮೀಟರ್ ಹತ್ತಿರ ಬಂದಿರುತ್ತಿತ್ತು. ಗವೇಷಣಿ ಮೊದಲು ದ್ವೀಪವಾಯಿತು. ಇಂದಿನ ಎತ್ತರವನ್ನೇ ಹಿಡಿದು ಲೆಕ್ಕ ಹಾಕಿದರೆ, ಹತ್ತು ಸಾವಿರ ವರ್ಷಗಳ ಆಸುಪಾಸಿನಲ್ಲಿ ಅದರ ನೆತ್ತಿಯೂ ಮುಳುಗಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ಮುಳುಗಿದ ಬೆಟ್ಟದ ವಿಷಯ ತಿಳಿಸಿದ ಇಬ್ಬರಲ್ಲಿ ಒಬ್ಬರಾದ ಖಾಸಿಂ ಅವರೇ ಮೂರು ವರ್ಷಗಳ ಬಳಿಕ ಆ ಮೇಲಿನ ಕೆರೆಯತ್ತ ಹೊರಟರು! 1981ರ ಡಿಸೆಂಬರ್ 6ರಂದು ಗೋವಾದಿಂದ 21 ಜನರ ತಂಡ ಹೊರಟಿತು. 1982ರ ಜನವರಿ 9ರಂದು ಭಾರತದ ಮೊದಲ ಯಾತ್ರೆ ಅಂಟಾರ್ಕ್ಟಿಕಾದ ಹಿಮದ ಮೇಲೆ ಕಾಲಿಟ್ಟಿತು. ಮುಂದೆ ಹಿಮದ ಮೇಲೆ ಕಟ್ಟಿದ ನಮ್ಮ ಮೊದಲ ನೆಲೆ ದಕ್ಷಿಣ ಗಂಗೋತ್ರಿ ಹಿಮದಲ್ಲೇ ಹೂತುಹೋಯಿತು. ಎರಡನೆಯ ನೆಲೆ ಮೈತ್ರಿಯನ್ನು ಕಟ್ಟಿದ್ದು ಹಿಮವಿಲ್ಲದ ಬರೀ ಬಂಡೆಯ ನೆಲದಲ್ಲಿ, ಶಿರ್ಮಾಕರ್ ಓಯಸಿಸ್‌ನಲ್ಲಿ. ಮಗ್ಗುಲಲ್ಲೇ ಪ್ರಿಯದರ್ಶಿನಿ ಎಂಬ ಸರೋವರ. ಭೂಮಿಯ ತಳದಲ್ಲೂ ನಮ್ಮವರು ನೆಲೆ ನಿಂತದ್ದು ಒಂದು ಬಂಡೆ, ಒಂದು ಕೆರೆ ಇದ್ದ ಕಡೆ!

ಹಿಮದಡಿಯಿಂದ ಇಂಥ ನೆಲ ಇಂದೂ ಹೊಸದಾಗಿ ಹೊರಬರುತ್ತಿದೆ. 2020ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಪೈನ್ ಐಲೆಂಡ್ ಕೊಲ್ಲಿಯಲ್ಲಿ ಸಾಗುತ್ತಿದ್ದ ಹಡಗಿನವರಿಗೆ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ದ್ವೀಪ ಕಂಡಿತು. ಉದ್ದ ಬರೀ 350 ಮೀಟರ್. ಹಿಮದ ಹೊದಿಕೆ ಸರಿದು ಮುಖ ತೋರಿತ್ತು. ಸಿಫ್ ಎಂದು ಹೆಸರಿಟ್ಟರು. ಅದು ಯಾವ ಕಲ್ಲು ಗೊತ್ತೆ? ಗ್ರಾನೈಟ್! ನಾನು ನಿಂತಿದ್ದ ಮಾಕಳಿಯ ಬಂಡೆಯ ಜಾತಿಯದೇ ಕಲ್ಲು.

ಹಿಮ ಸರಿಯುವುದಷ್ಟೇ ಅಲ್ಲ, ಹೊರೆ ಇಳಿದ ನೆಲ ತಾನೇ ಮೇಲೇಳುತ್ತದೆ. ಫಿನ್ಲೆಂಡಿನ ಕ್ವಾರ್ಕೆನ್ ದ್ವೀಪಸ್ತೋಮದಲ್ಲಿ ಹಿಮ ಕರಗಿ ಸಾವಿರಾರು ವರ್ಷಗಳಾದರೂ ನೆಲ ಇನ್ನೂ ವರ್ಷಕ್ಕೆ ಸುಮಾರು ಎಂಟು ಮಿಲಿಮೀಟರ್ ಏರುತ್ತಿದೆ. ಅಲ್ಲಿ ಅಜ್ಜ ದೋಣಿ ಕಟ್ಟಿದ ಜಾಗ ಮೊಮ್ಮಗನ ಕಾಲಕ್ಕೆ ಹುಲ್ಲುಗಾವಲು!

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಗ್ರೀನ್‌ಲ್ಯಾಂಡಿನ ಹಿಮರಾಶಿ ಎಷ್ಟು ದೊಡ್ಡದೆಂದರೆ, ಅದು ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನೇ ತನ್ನತ್ತ ಎಳೆದು ಹಿಡಿದಿದೆ. ಹಿಮ ಕರಗಿದಂತೆ ಹಿಡಿತ ಸಡಿಲ. ಸುಮಾರು 2,000 ಕಿಲೋಮೀಟರ್ ದೂರದವರೆಗೂ ಕಡಲು ಇಳಿಯುತ್ತದೆ, ಹೊಸ ತೀರ ತೆರೆಯುತ್ತದೆ. ಬಿಟ್ಟುಕೊಟ್ಟ ನೀರು ದೂರ ಹರಿದು, ಸಮಭಾಜಕದ ಹತ್ತಿರದ ನಮ್ಮಂಥ ಕಡಲುಗಳಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಗ್ರೀನ್‌ಲ್ಯಾಂಡಿನ ಮನೆಯೆದುರು ಅಂಗಳ ತೆರೆದಂತೆ ಮಲ್ಪೆಯ ಮೀನುಗಾರರ ಅಂಗಳಕ್ಕೆ ನೀರು ಹತ್ತಿರವಾಗುತ್ತದೆ. ಜಗತ್ತಿನ ಕಡಲು ಈಗ ವರ್ಷಕ್ಕೆ ನಾಲ್ಕು ಮಿಲಿಮೀಟರಿನಷ್ಟು ಏರುತ್ತಿದೆ. ಅಂದಿನ ರಭಸದ ಹತ್ತನೇ ಒಂದು ಪಾಲು. ಆದರೆ ಅಂದು ತೀರದವರು ಸರಕು ಕಟ್ಟಿಕೊಂಡು ಹಿಂದೆ ಸರಿದಿರಬಹುದು. ಇಂದು ಬಂದರು, ಮನೆ, ಗದ್ದೆ, ಊರುಗಳು ಸರಿಯಲಾರವು. ಕೋಡಿ ಬಿದ್ದ ಕೆರೆಗೆ ನಾವು ಬಾಗಿನ ಕೊಡುತ್ತೇವೆ. ಈ ಕೋಡಿ ಬೀಳದಂತೆ ಹಿಮವನ್ನು ಉಳಿಸಿಕೊಳ್ಳಬೇಕಾಗಿದೆ.

ಬಿಸಿಲೇರುವ ಮೊದಲು ಬೆಟ್ಟ ಇಳಿದು ಕೆರೆಯಂಗಳಕ್ಕೆ ಹೋದೆ. ಏರಿಯ ಬುಡದಲ್ಲಿ ತೂಬಿನ ಕಲ್ಲುಕಂಬಗಳು ಒಣಗಿ ನಿಂತಿದ್ದವು. ಕಂಬದ ಮೇಲೆ ಒಂದರ ಮೇಲೊಂದು ನೀರಿನ ಕಲೆಗಳು, ಒಂದೊಂದು ಮಳೆಗಾಲದ್ದು ಒಂದೊಂದು ಗೆರೆ. ಇಲ್ಲಿಂದ 400 ಕಿಲೋಮೀಟರ್ ಪಡುವಣಕ್ಕೆ, ಕತ್ತಲ ನೀರಿನಲ್ಲಿ ನಿಂತಿರುವ ಗವೇಷಣಿಯೂ ಅಂಥದೇ ಒಂದು ತೂಬಿನ ಕಂಬ ಅನ್ನಿಸಿತು. ಎಲ್ಲಕ್ಕಿಂತ ಮೇಲಿನ ಗೆರೆಯನ್ನು ಮುಟ್ಟಲು ಕೈ ಚಾಚಿದೆ. ತುದಿಗಾಲಲ್ಲಿ ನಿಂತರೂ ಅದು ಎಟುಕಲಿಲ್ಲ. ನನ್ನ ಸುತ್ತ ದನಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು.