ಕುಳಿತವರಿಗೆ ಕಾಣದ ಬೆನ್ನು

ಕಂಪ್ಯೂಟರಿನ ಮುಂದೆ ದಿನವಿಡೀ ಕುಳಿತು ದುಡಿಯುವವರಿಗೆ ಉಪದೇಶಕ್ಕೇನೂ ಕೊರತೆಯಿಲ್ಲ. ಬೆನ್ನಿಗೆ ಆಸರೆಯಿರಲಿ, ತೆರೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ, ಮೊಣಕೈ ಪಕ್ಕೆಯ ಬಳಿಯಿರಲಿ, ಪಾದ ನೆಲಕ್ಕೂರಿರಲಿ ಎಂಬ ಮಾತುಗಳನ್ನು ಎಲ್ಲರೂ ಕೇಳಿದ್ದಾರೆ. ಕೇಳಿದವರು ನೆಟ್ಟಗೆ ಕೂರುವುದೂ ಉಂಟು. ಆದರೆ ಕೆಲಸದಲ್ಲಿ ಮನಸ್ಸು ನೆಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಕತ್ತು ಮುಂದಕ್ಕೆ ಚಾಚಿ, ಬೆನ್ನು ಬಿಲ್ಲಾಗಿರುತ್ತದೆ. ಇದನ್ನು ಸೋಮಾರಿತನವೆಂದು ಹಳಿಯುವುದು ನನಗೆ ಸರಿತೋರುವುದಿಲ್ಲ. ತಾವು ಬಾಗಿದ್ದೇವೆಂಬ ಸುದ್ದಿಯೇ ಅವರಿಗೆ ತಲುಪಿರುವುದಿಲ್ಲ.

ಸುದ್ದಿ ತಲುಪಿಸುವ ವ್ಯವಸ್ಥೆ ದೇಹದಲ್ಲಿ ಇಲ್ಲವೆಂದಲ್ಲ. ಕಣ್ಣು ಮುಚ್ಚಿದ್ದರೂ ನಮ್ಮ ಕೈ ಎಲ್ಲಿದೆಯೆಂಬುದು ನಮಗೆ ಗೊತ್ತು. ಸ್ನಾಯುಗಳಲ್ಲಿಯೂ ಕೀಲುಗಳಲ್ಲಿಯೂ ಇರುವ ನರಾಗ್ರಗಳು ಮಿದುಳಿಗೆ ಕಳುಹಿಸುವ ವರದಿಯ ಫಲವದು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದಕ್ಕೆ 'ಪ್ರೊಪ್ರಿಯೊಸೆಪ್ಷನ್' ಎಂಬ ಹೆಸರನ್ನು ಬಳಕೆಗೆ ತಂದ. ನಾವು ಅಂಗಸ್ಥಿತಿಯ ಅರಿವು ಎನ್ನೋಣ. ಈ ಅರಿವಿಗೆ ಒಂದು ದೌರ್ಬಲ್ಯವುಂಟು. ಬದಲಾವಣೆಯನ್ನು ಅದು ಚುರುಕಾಗಿ ತಿಳಿಸುತ್ತದೆ. ಬದಲಾಗದೆ ಉಳಿದದ್ದು, ಮೈಮೇಲಿನ ಅಂಗಿಯ ಸ್ಪರ್ಶದಂತೆ, ಗಮನದಿಂದ ಜಾರಿಹೋಗುತ್ತದೆ. ವರ್ಷಗಟ್ಟಲೆ ಬಾಗಿ ಕುಳಿತವನಿಗೆ ಬಾಗಿದ್ದೇ ನೇರವೆಂದು ತೋರುತ್ತದೆ. ನೇರ ಕೂರಿಸಿದರೆ ಹಿಂದಕ್ಕೆ ಬೀಳುತ್ತಿದ್ದೇನೆಂದು ಗಾಬರಿಯಾಗುತ್ತಾನೆ.

ಇದನ್ನು ತನ್ನ ಮೈಯಲ್ಲಿಯೇ ಕಂಡುಕೊಂಡವನು ಆಸ್ಟ್ರೇಲಿಯದ ನಟ ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್. ರಂಗದ ಮೇಲೆ ವಾಚನ ಮಾಡುವಾಗ ಅವನ ಗಂಟಲು ಕಟ್ಟುತ್ತಿತ್ತು. ಔಷಧದಿಂದ ಪೂರ್ಣ ಗುಣ ಕಾಣದೆ, ಕನ್ನಡಿಯ ಮುಂದೆ ನಿಂತು ತನ್ನನ್ನೇ ಗಮನಿಸಿದ. ಮಾತಿಗೆ ತೊಡಗುತ್ತಲೇ ತಲೆಯನ್ನು ಹಿಂದಕ್ಕೆಳೆದು ಗಂಟಲನ್ನು ಅದುಮಿಕೊಳ್ಳುತ್ತಿದ್ದುದು ಕಂಡಿತು. ತಿದ್ದಿಕೊಂಡೆನೆಂದು ನಂಬಿದ. ಎರಡು ಪಕ್ಕಗಳಲ್ಲಿಯೂ ಕನ್ನಡಿ ಇರಿಸಿ ನೋಡಿದರೆ, ತಲೆ ಮೊದಲಿನಂತೆಯೇ ಹಿಂದಕ್ಕೆ ಹೋಗುತ್ತಿತ್ತು! 1932ರ ತನ್ನ ಪುಸ್ತಕದಲ್ಲಿ ಆತ ಈ ವೃತ್ತಾಂತವನ್ನು ವಿವರವಾಗಿ ಬರೆದಿದ್ದಾನೆ. ಅವನ ಸಿದ್ಧಾಂತಗಳನ್ನೆಲ್ಲ ನಾನು ಒಪ್ಪುವವನಲ್ಲ. ಆ ಎರಡು ಪಕ್ಕದ ಕನ್ನಡಿಗಳಿಗೆ ಮಾತ್ರ ಎದುರಾಡಲಾರೆ.

ಮಾಡಿದ ಕ್ರಿಯೆಯ ಫಲವನ್ನು ಮಾಡಿದವನಿಗೇ ಹಿಂದಿರುಗಿಸಿ, ಮುಂದಿನ ಕ್ರಿಯೆಯನ್ನು ತಿದ್ದಿಕೊಳ್ಳಲು ಎಡೆಗೊಡುವುದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಕನ್ನಡದಲ್ಲಿ 'ಹಿಮ್ಮಾಹಿತಿ' ಎಂಬ ಪದವಿದೆ. ಪದ ಕಿವಿಗೆ ಸ್ವಲ್ಪ ಒರಟಾದರೂ ಸಂಗತಿ ನಮ್ಮ ಸಂಗೀತಗಾರರಿಗೆ ಹೊಸದಲ್ಲ. ತಂಬೂರಿಯ ಶ್ರುತಿ ಎಡೆಬಿಡದೆ ಕಿವಿಗೆ ಬೀಳುತ್ತಿರುವುದರಿಂದಲೇ, ಸರಿದ ಸ್ವರವನ್ನು ಗಾಯಕ ಯಾರೂ ಹೇಳುವ ಮೊದಲೇ ತಿದ್ದಿಕೊಳ್ಳುತ್ತಾನೆ.

ಬೆನ್ನಿಗೂ ಇಂಥದೊಂದು ಶ್ರುತಿಯನ್ನು ಕಟ್ಟಿ ನೋಡಿದವರಿದ್ದಾರೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಆಜ್ರಿನ್ ಮತ್ತು ಸಂಗಡಿಗರು ಮೈಮೇಲೆ ಧರಿಸುವ ಸಾಧನವೊಂದನ್ನು 25 ಜನ ವಯಸ್ಕರಿಗೆ ಕೊಟ್ಟರು. ಬೆನ್ನು ಕುಗ್ಗಿದರೆ ಮೊದಲು ಎಚ್ಚರಿಕೆ, ಆಮೇಲೆ ನೆಟ್ಟಗಾಗುವವರೆಗೆ ಅಹಿತವಾದ ಸದ್ದು. ಸಾಧನ ಮೈಮೇಲಿದ್ದಷ್ಟು ಹೊತ್ತು ಎಲ್ಲರ ಕುಗ್ಗುವಿಕೆಯೂ ಕಡಿಮೆಯಾಯಿತು. 2008ರಲ್ಲಿ ಸಿಗುರ್ಡ್ಸನ್ ಮತ್ತು ಆಸ್ಟಿನ್ ಪ್ರಕಟಿಸಿದ ಪ್ರಯೋಗ ಇದಕ್ಕಿಂತ ಸೌಮ್ಯವಾದದ್ದು. ಕಚೇರಿಯಂತೆ ಸಜ್ಜುಗೊಳಿಸಿದ ಕೋಣೆಯಲ್ಲಿ 8 ಜನರಿಗೆ ಮೊದಲು ಸರಿಯಾದ ಭಂಗಿಯ ವಿವರ ಕೊಟ್ಟರು. ಅನಂತರ ಸರಿ ತಪ್ಪುಗಳನ್ನು ಗುರುತಿಸಲು ಕಲಿಸಿ, ಅವರು ಕುಳಿತ ಬಗೆಯನ್ನು ಆಯಾ ಕ್ಷಣವೇ ಅವರಿಗೆ ತೋರಿಸಿ, ತಮ್ಮ ಭಂಗಿಯನ್ನು ತಾವೇ ದಾಖಲಿಸಿಕೊಳ್ಳುವಂತೆ ಮಾಡಿದರು. ತಿದ್ದಲು ಆರಿಸಿಕೊಂಡ ಭಂಗಿಗಳಲ್ಲಿ ಹೆಚ್ಚಿನವು ಗಣನೀಯವಾಗಿ ಸುಧಾರಿಸಿದವು.

ಸಾಧನ ಮೈಮೇಲಿದ್ದಷ್ಟು ಹೊತ್ತು ಎಂದೆನಲ್ಲ, ತೊಡಕು ಅಲ್ಲಿಯೇ ಇದೆ. ಎಡೆಬಿಡದ ಹಿಮ್ಮಾಹಿತಿ ಅಭ್ಯಾಸದ ವೇಳೆಯಲ್ಲಿ ಕೆಲಸವನ್ನು ಅಂದಗೊಳಿಸುತ್ತದೆ. ಅದನ್ನು ತೆಗೆದೊಡನೆ ಕಲಿತದ್ದು ಸಡಿಲವಾಗಬಹುದು ಎಂಬುದು ಚಲನೆಯ ಕಲಿಕೆಯನ್ನು ಪರಿಶೀಲಿಸಿದವರು 1980ರ ದಶಕದಿಂದ ಎತ್ತಿರುವ ಮಾತು. ಗಾಯಕ ತಂಬೂರಿಯನ್ನು ಬಾಳೆಲ್ಲ ಜೊತೆಗಿಟ್ಟುಕೊಳ್ಳಬಹುದು. ಬೆನ್ನಿಗೆ ಕಟ್ಟಿದ ಗಂಟೆಯನ್ನು ಬಾಳೆಲ್ಲ ಹೊರುವವರು ಯಾರು?

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಈ ಸುದ್ದಿ ಯಾರಿಗೆ ಸೇರಬೇಕಾದದ್ದು? ಕುಳಿತವನ ಬೆನ್ನನ್ನು ನೋಡುವ ಕ್ಯಾಮರಾದ ವರದಿ ಅವನ ಮೇಲಧಿಕಾರಿಯ ಮೇಜಿಗೆ ಹೋದರೆ ಅದು ಹಿಮ್ಮಾಹಿತಿಯಲ್ಲ, ಬರಿಯ ಕಾವಲು. ಕಾವಲಿನ ಕೆಳಗೆ ಬೆನ್ನು ನೆಟ್ಟಗಾದೀತು, ಬಿಗಿದುಕೊಂಡೂ ಇದ್ದೀತು. ನೆಟ್ಟಗಿನ ಒಂದೇ ಭಂಗಿಯನ್ನು ದಿನವಿಡೀ ಹಿಡಿದಿದ್ದರೆ ನೋವು ಬಾರದೆಂಬುದಕ್ಕೆ ಬಲವಾದ ಆಧಾರವೂ ಇಲ್ಲ. ಆಗಾಗ ಭಂಗಿ ಬದಲಿಸುವುದು, ಎದ್ದು ನಾಲ್ಕು ಹೆಜ್ಜೆ ಹಾಕುವುದು ದೇಹಕ್ಕೆ ಹೆಚ್ಚು ಹಿತ.

ಆದ್ದರಿಂದ ಅಲೆಕ್ಸಾಂಡರನ ಪಕ್ಕದ ಕನ್ನಡಿಯೇ ನನಗೆ ಮೆಚ್ಚು. ಕಿವಿ, ಹೆಗಲು, ಸೊಂಟ ಕಾಣುವಂತೆ ಅದನ್ನು ಮೇಜಿನ ಬದಿಯಲ್ಲಿರಿಸಿ. ಅರ್ಧ ಗಂಟೆಗೊಮ್ಮೆ ಅಲಾರಂ ಬಾರಿಸಲಿ. ಬಾರಿಸಿದೊಡನೆ ಕನ್ನಡಿ ನೋಡಬಾರದು. ಹೇಗೆ ಕುಳಿತಿದ್ದೇನೆಂದು ಮೊದಲು ಊಹಿಸಿ, ಆಮೇಲೆ ನೋಡಿ, ಊಹೆ ಸರಿಯಾಯಿತೇ ಎಂದು ಚೀಟಿಯ ಮೇಲೆ ಗುರುತು ಹಾಕಿ, ಒಮ್ಮೆ ಎದ್ದು ಬರಬೇಕು. ಊಹೆಯೂ ಕನ್ನಡಿಯೂ ಒಂದನ್ನೇ ಹೇಳತೊಡಗಿದ ಮೇಲೆ ಕನ್ನಡಿಯನ್ನು ದಿನಕ್ಕೆರಡು ಸಲ ನೋಡಿದರೆ ಸಾಕು, ಬರಬರುತ್ತ ವಾರಕ್ಕೊಮ್ಮೆ. ಎದ್ದು ಬರುವುದನ್ನು ಮಾತ್ರ ಕಡಿಮೆ ಮಾಡಬೇಕಾಗಿಲ್ಲ.