ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ತಂಪು ಯಂತ್ರ ಇರಬೇಕೇ?

ನಮ್ಮ ಶಾಲೆಯಲ್ಲಿ ಕಲಿತು ಈಗ ಗಲ್ಫಿನ ಒಂದು ಮೋಟಾರು ಗ್ಯಾರೇಜಿನಲ್ಲಿ ಕೆಲಸಕ್ಕಿರುವ ಹಳೆ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ಸಂಗತಿ ಹೇಳಿದ. ಅಲ್ಲಿಗೆ ಬರುವ ಹಳೆಯ ಪೋರ್ಷೆ ಕಾರುಗಳ ಒಡೆಯರಲ್ಲಿ ಕೆಲವರು “ಈ ಏಸಿಯನ್ನು ಕಿತ್ತುಬಿಡು” ಎನ್ನುತ್ತಾರಂತೆ. ಮತ್ತೆ ಕೆಲವರು “ಏನಾದರೂ ಮಾಡಿ ಸರಿಪಡಿಸು” ಎನ್ನುತ್ತಾರಂತೆ. “ಇದರಲ್ಲಿ ಯಾರದು ಸರಿ, ಮಾಷ್ಟ್ರೇ?” ಎಂದು ಕೇಳಿದ. ಕನ್ನಡ ಪಂಡಿತನಲ್ಲಿ ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ನಮ್ಮ ಕಾಸರಗೋಡಿನ ಕಡೆಯ ಎಷ್ಟೋ ಮನೆಗಳ ಅಡುಗೆ ನಡೆಯುವುದು ಇಂತಹ ಗ್ಯಾರೇಜುಗಳ ಸಂಬಳದಿಂದ. ಆದುದರಿಂದ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ತಪ್ಪಾಗಲಾರದು.

ಮೊದಲು ಯಂತ್ರದ ವಿಚಾರ. ಅಂಗೈಗೆ ಸ್ಪಿರಿಟ್ ಸವರಿದರೆ ತಣ್ಣಗಾಗುವುದನ್ನು ನೀವೆಲ್ಲ ಕಂಡವರೇ. ದ್ರವವು ಆವಿಯಾಗಬೇಕಾದರೆ ಶಾಖ ಬೇಕು. ಅದನ್ನು ಕೈಯಿಂದಲೇ ಹೀರಿಕೊಳ್ಳುತ್ತದೆ. ಕಾರಿನ ತಂಪು ಯಂತ್ರ ಮಾಡುವುದೂ ಇದನ್ನೇ. ಆದರೆ ಆವಿಯಾದುದನ್ನು ಹಾರಿಹೋಗಗೊಡದೆ ಹಿಡಿದು, ಮತ್ತೆ ದ್ರವ ಮಾಡಿ ಬಳಸುತ್ತದೆ. ಹಿಂದಿನ ಕಾರುಗಳಲ್ಲಿದ್ದುದು ಆರ್-12 ಎಂಬ ರಾಸಾಯನಿಕ. ಅದು ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೇ ಕುದಿಯುತ್ತದೆ! ಕಾರಿನೊಳಗಿನ ಸುರುಳಿಯಲ್ಲಿ ಅದು ಕುದಿದು ಗಾಳಿಯ ಶಾಖವನ್ನು ಹೀರುತ್ತದೆ. ಎಂಜಿನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟುಕೊಟ್ಟು ದ್ರವವಾಗಿ, ಕಿರಿದಾದ ಕವಾಟದ ಮೂಲಕ ಪುನಃ ಒಳಗೆ ಬರುತ್ತದೆ. ಅಮೆರಿಕದ ಪ್ಯಾಕಾರ್ಡ್ ಕಂಪನಿ ತನ್ನ 1940ರ ಮಾದರಿಯ ಕಾರುಗಳಲ್ಲಿಯೇ ಇಂತಹ ಯಂತ್ರವನ್ನು ಒದಗಿಸಿತ್ತು.

ಇನ್ನು ಪೋರ್ಷೆ 911. ಜರ್ಮನಿಯ ಈ ಕಾರು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳ ಹಕ್ಕು ತನ್ನದೆಂದು ಫ್ರಾನ್ಸಿನ ಪ್ಯೂಜೋ ಕಂಪನಿ ಆಕ್ಷೇಪಿಸಿದುದರಿಂದ 911 ಆಯಿತು. ಅದರ ಎಂಜಿನ್ ಇರುವುದು ಹಿಂದಿನ ಚಕ್ರಗಳಿಗೂ ಹಿಂದೆ. ತಣಿಸಲು ನೀರಿಲ್ಲ, ದೊಡ್ಡ ಫ್ಯಾನಿನ ಗಾಳಿ ಮತ್ತು ಎಂಜಿನಿನ ಎಣ್ಣೆ, ಇವೆರಡೇ. ಈ ಪದ್ಧತಿ 1998ರ ತನಕವೂ ನಡೆಯಿತು. ಮೊದಲ 911ರ ಎಂಜಿನ್ 2 ಲೀಟರಿನದು, 130 ಅಶ್ವಶಕ್ತಿಯದು.

ಇಂತಹ ಕಾರಿಗೆ ತಂಪು ಯಂತ್ರವನ್ನು ಕೂಡಿಸುವುದೆಂದರೆ ತುಸು ಪೇಚಿನ ಕೆಲಸ. ಕಂಪ್ರೆಸರ್ ಎಂಜಿನಿನೊಂದಿಗೆ ಹಿಂದೆ. ಗಾಳಿಯನ್ನು ತಣಿಸುವ ಸುರುಳಿ ಮುಂದೆ. ನಡುವೆ ನಾಲ್ಕು ಮೀಟರಿಗೂ ಮಿಕ್ಕ ಉದ್ದದ ಕಾರು. ರಬ್ಬರು ಕೊಳವೆಗಳು ಅಷ್ಟುದ್ದ ಹೋಗಿ ಮರಳಿ ಬರಬೇಕು. ಕೊಳವೆ ಉದ್ದವಾದಷ್ಟೂ ಅನಿಲ ಸೋರುವ ದಾರಿಯೂ ಹೆಚ್ಚು. 1970 ಮತ್ತು 80ರ ದಶಕದ ಕಾರುಗಳಲ್ಲಿ ಒಂದು ಕಂಡೆನ್ಸರನ್ನು ಎಂಜಿನಿನ ಮುಚ್ಚಳಕ್ಕೇ ಕಟ್ಟಿದರು. ಎಂಜಿನನ್ನು ತಣಿಸುವ ಗಾಳಿ ಒಳನುಗ್ಗುವುದೂ ಅದೇ ಜಾಲರಿಯ ಮೂಲಕವಷ್ಟೆ? ಅಂದರೆ ಬಾಯಾರಿ ಬಂದವನಿಗೆ ಬಿಸಿನೀರು ಕೊಟ್ಟ ಹಾಗಾಯಿತು.

ಆದುದರಿಂದ ಕಿತ್ತುಬಿಡು ಎನ್ನುವವರ ಮಾತಿನಲ್ಲಿ ಹುರುಳಿದೆ. ಮೊದಲೇ ಬಾಲ ಭಾರವಾದ ಕಾರು. ಕಂಪ್ರೆಸರೂ ಕಂಡೆನ್ಸರೂ ಅದೇ ಬಾಲದಲ್ಲಿ ಕುಳಿತರೆ ತಿರುವುಗಳಲ್ಲಿ ಅದರ ಪರಿಣಾಮ ತಿಳಿಯುತ್ತದೆ. ಕಂಪನಿಯೇ 1973ರ ಕರೇರಾ ಆರ್‌ಎಸ್ ಎಂಬ ಮಾದರಿಯಲ್ಲಿ ಹಿಂದಿನ ಸೀಟು, ದಪ್ಪ ನೆಲಹಾಸು, ಕಡೆಗೆ ಗಡಿಯಾರವನ್ನೂ ಬಿಟ್ಟು, ಅದರದೇ ಪ್ರವಾಸದ ಆವೃತ್ತಿಗಿಂತ ಸುಮಾರು 100 ಕಿಲೋ ಹಗುರಗೊಳಿಸಿತ್ತು. ಅಂತಹ ಕಾರಿಗೆ ಹೊಸದಾಗಿ ತಂಪು ಯಂತ್ರ ಕೂಡಿಸುವುದು ಗರಡಿಯ ಜಟ್ಟಿಗೆ ಕೊಡೆ ಹಿಡಿದಂತೆ. ಆದರೆ ‘ಏಸಿ ಯಾವಾಗಲೂ ಎಂಜಿನಿನ ಶಕ್ತಿಯನ್ನು ತಿನ್ನುತ್ತದೆ’ ಎಂಬ ವಾದ ಪೂರ್ತಿ ನಿಜವಲ್ಲ. ಕಂಪ್ರೆಸರಿಗೆ ವಿದ್ಯುತ್ಕಾಂತದ ಕ್ಲಚ್ಚು ಇದೆ. ಸ್ವಿಚ್ ಆರಿಸಿದರೆ ಕಂಪ್ರೆಸರ್ ತಿರುಗದು. ಉಳಿಯುವುದು ಭಾರ ಮಾತ್ರ.

ಇಟ್ಟುಕೊಳ್ಳಬೇಕೆನ್ನುವವರಿಗೂ ಕಾರಣಗಳುಂಟು. ಈ ಕಾರುಗಳಲ್ಲಿ ಎಷ್ಟೋ ಅಮೆರಿಕಕ್ಕೆ ಹೋದವು; ಅಲ್ಲಿನ ಟೆಕ್ಸಸ್, ಅರಿಜೋನಾಗಳ ಬೇಸಿಗೆ ಗಲ್ಫಿನದಕ್ಕಿಂತ ಬಹಳ ಕಡಿಮೆಯದಲ್ಲ. ನೆರಳಿನಲ್ಲೇ 40 ಡಿಗ್ರಿ ದಾಟುವ ಸೆಕೆಯಲ್ಲಿ ಕಣ್ಣಿಗೆ ಬೆವರಿಳಿಯುತ್ತಿರುವ ಚಾಲಕ ಎಷ್ಟು ಹಗುರದ ಕಾರಿನಲ್ಲಿದ್ದರೇನು? ಇದಲ್ಲದೆ ತಂಪು ಯಂತ್ರವು ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ. ಆಟಿಯ ಮಳೆಗೆ ಬಸ್ಸಿನ ಗಾಜು ಮಂಜಾಗಿ ಡ್ರೈವರನು ಬಟ್ಟೆಯಿಂದ ಒರಸುತ್ತಲೇ ಬಸ್ಸು ಓಡಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವ ಕಾರಣ ಬೇರೆ. ಸೆಕೆಗೆ ಹೆದರಿ ವರ್ಷದ ಅರ್ಧಕಾಲ ಶೆಡ್ಡಿನಲ್ಲಿ ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ: ರಬ್ಬರು ಒಣಗುತ್ತದೆ, ಪೆಟ್ರೋಲು ಕೆಡುತ್ತದೆ.

ಹಾಗಾದರೆ ತೀರ್ಮಾನ ಹೇಗೆ? ಇಲ್ಲಿ ನನ್ನ ಕಸುಬಿನಿಂದ ಒಂದು ಹೋಲಿಕೆ ಕೊಡಬಹುದೆನಿಸುತ್ತದೆ. ಓಲೆಗರಿಯ ಗ್ರಂಥವನ್ನು ಸಂಪಾದಿಸುವವರು ಯಾವುದು ಕವಿಯ ಮೂಲಪಾಠ, ಯಾವುದು ಲಿಪಿಕಾರ ಸೇರಿಸಿದ ಪ್ರಕ್ಷಿಪ್ತ ಎಂದು ಬೇರ್ಪಡಿಸುತ್ತಾರೆ. ಆದರೆ ಪ್ರಕ್ಷಿಪ್ತವೆಂದು ಕಂಡುದನ್ನು ಓಲೆಯಿಂದ ಕೆರೆದು ತೆಗೆಯುವುದಿಲ್ಲ. ಪುಟದ ಅಡಿಯಲ್ಲಿ ಅಚ್ಚುಮಾಡಿ ಉಳಿಸುತ್ತಾರೆ. ಕಾರಿನಲ್ಲಿಯೂ ಹಾಗೆಯೇ. ಏಸಿ ಕಾರ್ಖಾನೆಯಲ್ಲಿ ಕೂಡಿಸಿದ್ದಾದರೆ ಅದು ಮೂಲಪಾಠ. ಆಮೇಲೆ ವ್ಯಾಪಾರಿ ಕೂಡಿಸಿದ್ದಾದರೆ ಪ್ರಕ್ಷಿಪ್ತ. ಎರಡನ್ನೂ ಬಿಚ್ಚಬಹುದು, ಬೋಲ್ಟು ಬಿಚ್ಚಿದಷ್ಟೇ ಸುಲಭವಾಗಿ ಪುನಃ ಕೂಡಿಸಲು ಬರುವುದಾದರೆ. ಬ್ರಾಕೆಟ್ಟು ಕತ್ತರಿಸುವುದು, ರಂಧ್ರಗಳನ್ನು ಬೆಸೆದು ಮುಚ್ಚುವುದು, ಬಿಡಿಭಾಗಗಳನ್ನು ಗುಜರಿಗೆ ಹಾಕುವುದು, ಇವು ಮಾತ್ರ ಓಲೆಯನ್ನು ಕೆರೆದಂತೆ. ಆದುದರಿಂದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಒಡೆಯ ದಿನವೂ ಸೆಕೆಯ ಊರಿನ ರಸ್ತೆಯಲ್ಲಿ ಓಡಿಸುವವನಾದರೆ ಸರಿಪಡಿಸಿ ಇಡು, ಪಂದ್ಯದ ಬಯಲಿಗೆ ಒಯ್ಯುವವನಾದರೆ ಬಿಚ್ಚು, ಆದರೆ ಕತ್ತರಿಸಬೇಡ.

ಬಿಚ್ಚುವ ಮೊದಲು ಇನ್ನೊಂದು ಮಾತಿದೆ. ಅದು ಒಡೆಯನ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ. ಆರ್-12ರ ಜನಕನಾದ ಥಾಮಸ್ ಮಿಜ್ಲಿ 1930ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಆ ಅನಿಲವನ್ನು ತಾನೇ ಉಸಿರೆಳೆದು, ಅದರಿಂದ ಮೋಂಬತ್ತಿಯನ್ನು ಊದಿ ಆರಿಸಿ ತೋರಿಸಿದ. ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ಎಲ್ಲರೂ ಮೆಚ್ಚಿದರು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಇಂತಹ ಅನಿಲಗಳ ಕ್ಲೋರಿನ್ ಮೇಲಣ ವಾಯುಮಂಡಲದ ಓಜೋನನ್ನು ಕೆಡಿಸಬಲ್ಲದೆಂದು ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1995ರಲ್ಲಿ ಅವರಿಬ್ಬರಿಗೂ ಕ್ರುಟ್ಜೆನ್‌ರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆರ್-12ರ ತಯಾರಿಕೆ ನಿಂತಿದೆ. ಆದರೂ ಕೈಹಾಕದೆ ಉಳಿದ ಹಳೆಯ ಕಾರಿನ ಕೊಳವೆಯಲ್ಲಿ ಅದು ಇನ್ನೂ ಇರಬಹುದು. ನಟ್ಟು ಸಡಿಲಿಸಿ ‘ಬುಸ್’ ಎಂದು ಬಿಟ್ಟುಬಿಟ್ಟರೆ ಅದು ಗಾಳಿಯಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. ಬಿಚ್ಚುವವನ ಕೈಗೋ ಕಣ್ಣಿಗೋ ದ್ರವ ಸಿಡಿದರೆ ಅಲ್ಲಿನ ಮಾಂಸ ಹೆಪ್ಪುಗಟ್ಟುತ್ತದೆ. ಕನ್ನಡಕ, ಕೈಚೀಲ ಹಾಕಿ, ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬುವುದೊಂದೇ ದಾರಿ.

ಅದರ ಬದಲಿಗೆ ಬಂದ ಆರ್-134ಎ ಓಜೋನಿಗೆ ಕೆಡುಕಲ್ಲ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಯಂತ್ರಕ್ಕೆ ಅದನ್ನು ಸುಮ್ಮನೆ ತುಂಬಿದರೂ ನಡೆಯದು. ಹಿಂದಿನ ಖನಿಜ ಎಣ್ಣೆ ಅದರೊಂದಿಗೆ ಬೆರೆಯುವುದಿಲ್ಲ, ಹಳೆಯ ರಬ್ಬರಿನಿಂದ ಅದು ಹೆಚ್ಚು ಸೋರುತ್ತದೆ, ತಂಪೂ ತುಸು ಕಡಿಮೆ. ಎಣ್ಣೆ ಬದಲಿಸಿ, ಒಳಪದರವುಳ್ಳ ಕೊಳವೆ ಹಾಕಿ, ಕಂಡೆನ್ಸರನ್ನೂ ದೊಡ್ಡದು ಮಾಡಿದರೆ ಸರಿಯಾದೀತು.

ಹೀಗೆ ಸರಿಪಡಿಸಿದವರು ಚಳಿಗಾಲದಲ್ಲಿಯೂ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಅದನ್ನು ಓಡಿಸಬೇಕು. ಇಲ್ಲದಿದ್ದರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ತಲಪದೆ ಅದು ಒಣಗಿ ಸೋರುತ್ತದೆ. ಬಿಚ್ಚಿದವರು ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ, ತೇವ ಹೊಗದಂತೆ ಕೊಳವೆಗಳ ಬಾಯಿ ಮುಚ್ಚಿ, ಆ ಪೆಟ್ಟಿಗೆಯನ್ನು ಕಾರಿನ ಕಾಗದಪತ್ರಗಳೊಂದಿಗೇ ಇಡಬೇಕು. ತೇವ ಹೀರುವ ಡ್ರೈಯರ್ ಎಂಬ ಡಬ್ಬವನ್ನು ಮಾತ್ರ ಇಟ್ಟು ಪ್ರಯೋಜನವಿಲ್ಲ. ಪುನಃ ಕೂಡಿಸುವ ದಿನ ಹೊಸದನ್ನೇ ಹಾಕಬೇಕು.