ಒಂದಗುಳಿನ ಸಾಕ್ಷ್ಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮಲ್ಲಿ ಬಳಕೆಯ ಮಾತು. ಮಾದರಿ ಸಮೀಕ್ಷೆಯ ತತ್ತ್ವವೆಲ್ಲ ಇದರಲ್ಲಿಯೇ ಅಡಗಿದೆ. ಆದರೆ ದೇಶದ ಆರ್ಥಿಕ ಜೀವನ ಒಂದೇ ಉರಿಯ ಮೇಲೆ ಕುದಿಯುವ ಪಾತ್ರೆಯಲ್ಲ. ಅಲ್ಲಿ ಒಂದಗುಳು ಬೆಂದಿದ್ದರೂ ಪಕ್ಕದ್ದು ಅಕ್ಕಿಯಾಗಿಯೇ ಉಳಿದಿರಬಹುದು. ಆದುದರಿಂದ ಆರ್ಥಿಕ ಸಂಗತಿಗಳನ್ನು ಗಣಿತದಿಂದ ಅಳೆಯುವ ಅರ್ಥಮಿತಿಶಾಸ್ತ್ರ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಅಂದಾಜು ಎಷ್ಟು? ಅದು ಎಷ್ಟರಮಟ್ಟಿಗೆ ತಪ್ಪಿರಬಹುದು? ನಾನು ಇಲ್ಲಿ ಹೇಳಹೊರಟಿರುವುದು ಎರಡನೆಯದರ ವಿಚಾರ.

ತಪ್ಪಿನ ಅಳತೆಗೆ ಸೂತ್ರಗಳಿವೆ. ಅವುಗಳಲ್ಲಿ ಹಲವು, ಮಾದರಿ ಬಹಳ ದೊಡ್ಡದಾಗಿದ್ದಾಗ ಮಾತ್ರ ನಂಬಲು ಯೋಗ್ಯವಾದವು. ಅರ್ಥಶಾಸ್ತ್ರಜ್ಞನ ಕೈಯಲ್ಲಿಯೋ ಅನೇಕ ವೇಳೆ ಇಪ್ಪತ್ತು ಮೂವತ್ತು ವರ್ಷಗಳ ಲೆಕ್ಕವಷ್ಟೇ ಇರುತ್ತದೆ. ಇತಿಹಾಸವನ್ನು ಮತ್ತೊಮ್ಮೆ ನಡೆಸಿ ನೋಡೋಣವೆಂದರೆ ಸಾಧ್ಯವಿಲ್ಲ.

ಇದಕ್ಕೊಂದು ಉಪಾಯವನ್ನು 1979ರಲ್ಲಿ ಅಮೆರಿಕದ ಬ್ರಾಡ್ಲಿ ಎಫ್ರಾನ್ ಸೂಚಿಸಿದರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲೇಳುವುದೆಂಬ ಅರ್ಥದಲ್ಲಿ ಅದಕ್ಕೆ 'ಬೂಟ್‌ಸ್ಟ್ರ್ಯಾಪ್' ಎಂದು ಹೆಸರು. ಹೆಸರು ಕೇಳಿದರೆ ಕಣ್ಕಟ್ಟೆನಿಸೀತು, ವಿಧಾನ ಸರಳವಾದುದು. ಇಪ್ಪತ್ತು ಮನೆಗಳ ತಿಂಗಳ ಖರ್ಚನ್ನು ಇಪ್ಪತ್ತು ಚೀಟಿಗಳಲ್ಲಿ ಬರೆದು ಗಡಿಗೆಗೆ ಹಾಕಿ. ಒಂದನ್ನೆತ್ತಿ, ಬರೆದುಕೊಂಡು, ಮತ್ತೆ ಗಡಿಗೆಗೇ ಹಾಕಿ. ಹೀಗೆ ಇಪ್ಪತ್ತು ಸಲ ಎತ್ತಿದರೆ ಕೆಲವು ಮನೆಗಳು ಎರಡು ಮೂರು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಬಂದವುಗಳ ಸರಾಸರಿ ತೆಗೆಯಿರಿ. ಇದನ್ನೇ ಸಾವಿರ ಸಲ ಮಾಡಿದರೆ ದೊರೆಯುವ ಸಾವಿರ ಸರಾಸರಿಗಳು ಎಷ್ಟು ಚದುರಿವೆಯೋ ಅದೇ ನಮ್ಮ ಅಂದಾಜಿನ ಅಸ್ಥಿರತೆಯ ಅಳತೆ. ಈ ದುಡಿಮೆಯನ್ನು ಗಣಕಯಂತ್ರ ಮಾಡುತ್ತದೆ.

1984ರಲ್ಲಿ ಡೇವಿಡ್ ಫ್ರೀಡ್‌ಮನ್ ಮತ್ತು ಸ್ಟೀಫನ್ ಪೀಟರ್ಸ್ ಕೈಗಾರಿಕೆಗಳ ಇಂಧನ ಬೇಡಿಕೆಯನ್ನು ಹೇಳುವ ಸಮೀಕರಣವೊಂದನ್ನು ಹೀಗೆ ಪರೀಕ್ಷಿಸಿದರು. ಸಮೀಕರಣದ ವಿವರಣೆಗೆ ಸಿಗದೆ ಉಳಿದ ಅಂಶಗಳೇ ಅಲ್ಲಿ ಚೀಟಿಗಳು. ರೂಢಿಯ ಸೂತ್ರ ತಪ್ಪಿನ ಪ್ರಮಾಣವನ್ನು ಸುಮಾರು ಮೂರು ಪಟ್ಟು ಕಡಿಮೆ ತೋರಿಸುತ್ತಿದ್ದುದು ಹೊರಬಿತ್ತು. ಇದು ಸಣ್ಣ ಸಂಗತಿಯಲ್ಲ. ಅಂದಾಜು ತನ್ನ ತಪ್ಪಿನ ಎರಡು ಪಟ್ಟನ್ನು ಮೀರಿದರೆ ಅದನ್ನು ನಂಬುವುದು ವಾಡಿಕೆ. ನಾಲ್ಕು ಪಟ್ಟೆಂದು ತೋರಿದ್ದು ನಿಜದಲ್ಲಿ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚಾದರೆ, ಸಿದ್ಧವಾಯಿತೆಂದುಕೊಂಡದ್ದು ಬರಿಯ ಆಕಸ್ಮಿಕವೂ ಇರಬಹುದು. ಅದನ್ನು ನೆಚ್ಚಿ ಇಂಧನದ ಬೆಲೆಯನ್ನೋ ತೆರಿಗೆಯನ್ನೋ ಗೊತ್ತುಪಡಿಸಿದರೆ ಅದರ ಭಾರವನ್ನು ಹೊರುವವರು ಸಮೀಕರಣ ಬರೆದವರಲ್ಲ.

ಈ ವಿಧಾನಕ್ಕೂ ಮಿತಿಗಳುಂಟು. ಒಂದು ವರ್ಷದ ಬರ ಮರುವರ್ಷವನ್ನೂ ಕಾಡುತ್ತದೆ. ವರ್ಷಗಳನ್ನು ಬಿಡಿಚೀಟಿಗಳಾಗಿ ಎತ್ತಿದರೆ ಆ ಕೊಂಡಿ ಕಳಚುತ್ತದೆ. ಅಂಥಲ್ಲಿ ಕೆಲವು ವರ್ಷಗಳನ್ನು ಒಂದು ಕಂತೆಯಾಗಿ ಎತ್ತಬೇಕು. ಇನ್ನು ಚೀಟಿಯಲ್ಲಿಯೇ ತಪ್ಪು ಬರೆದಿದ್ದರೆ ಸಾವಿರ ಸಲ ಎತ್ತಿದರೂ ಅದು ತಿದ್ದಿಹೋಗದು.

ಆ ತಪ್ಪನ್ನು ಹಿಡಿಯುವ ದಾರಿಯನ್ನು ಪ್ರಶಾಂತಚಂದ್ರ ಮಹಾಲನೋಬಿಸರು ಮೊದಲೇ ಕಂಡಿದ್ದರು. 1937ರಲ್ಲಿ ಆರಂಭವಾದ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಅವರು ಒಂದೇ ಪ್ರದೇಶದ ಮಾದರಿಯನ್ನು ಭಾಗಮಾಡಿ ಬೇರೆ ಬೇರೆ ತಂಡಗಳಿಗೆ ವಹಿಸಿದರು. ಒಂದು ತಂಡದ ಲೆಕ್ಕಕ್ಕೂ ಇನ್ನೊಂದರ ಲೆಕ್ಕಕ್ಕೂ ಇರುವ ಅಂತರವೇ ಸಮೀಕ್ಷೆಯನ್ನು ಎಷ್ಟು ನಂಬಬೇಕೆಂಬುದನ್ನು ತಿಳಿಸುತ್ತಿತ್ತು. ಒಂದಗುಳನ್ನು ಹಿಸುಕಿದವರು ಇನ್ನೊಂದನ್ನು ಬೇರೆಯವರ ಕೈಯಿಂದ ಹಿಸುಕಿಸಿ ನೋಡಿದಂತೆ.